ಫ್ರೀಡ್ಲ್ ಟೀಚರ್ ಮತ್ತು ಎರಡು ಸೂಟ್‌ಕೇಸ್

ತಲೆಗೆ 50 ಕಿಲೋ. 1942ರ ಡಿಸೆಂಬರಿನಲ್ಲಿ ಚೆಕ್ ನಾಡಿನ ಹ್ರೊನೊವ್ ಎಂಬ ಸಣ್ಣ ಊರಿನಲ್ಲಿದ್ದ ಯಹೂದಿ ಚಿತ್ರಕಲಾವಿದೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಮತ್ತು ಅವರ ಗಂಡ ಪಾವೆಲ್ ಅವರಿಗೆ, ಯಹೂದಿಗಳನ್ನು ಕೂಡಿಡುತ್ತಿದ್ದ ತೆರೆಜೀನ್‌ಗೆ ಹೊರಡಬೇಕೆಂದು ನಾತ್ಸಿಗಳ ಆದೇಶ ಬಂದಾಗ ಒಯ್ಯಲು ಬಿಟ್ಟದ್ದು ಅಷ್ಟೇ ತೂಕದ ಸಾಮಾನು. ನಡು ಚಳಿಗಾಲದಲ್ಲಿ ಹೊರಟವರು ಯಾರಾದರೂ ಉಣ್ಣೆಬಟ್ಟೆ, ತಿನ್ನುವ ಪದಾರ್ಥ ತುಂಬಿಕೊಳ್ಳುತ್ತಾರೆ. ಫ್ರೀಡ್ಲ್ ಕಾಗದ ತುಂಬಿಕೊಂಡರು, ಬಣ್ಣ ತುಂಬಿಕೊಂಡರು. ಹಾಸಿಗೆಯ ಚಾದರಗಳಿಗೂ ಬಣ್ಣ ಹಾಕಿ ಮಡಚಿಟ್ಟರು. ಅಲ್ಲಿ ಮಕ್ಕಳು ಇದ್ದೇ ಇರುತ್ತಾರೆ, ನಾಟಕ ಆಡಿದರೆ ಹಸಿರು ಚಾದರ ಕಾಡಾಗುತ್ತದೆ ಎಂಬುದು ಅವರ ಲೆಕ್ಕ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ.

ಗದಗ ಜಿಲ್ಲೆಯ ಸರಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದು ನಿವೃತ್ತಳಾದ ನನಗೆ ಈ ಹೆಸರು ಗೊತ್ತೇ ಇರಲಿಲ್ಲ. ಪ್ರಾಗ್‌ನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋದಾಗ, "ಅಮ್ಮ, ನೀನು ನೋಡಲೇಬೇಕಾದ ಜಾಗ ಒಂದಿದೆ" ಎಂದು ಅವಳು ಪಿಂಕಾಸ್ ಸಿನಗಾಗ್‌ಗೆ ಕರೆದೊಯ್ದಳು. ಹಳೆಯ ಯಹೂದಿ ಪ್ರಾರ್ಥನಾ ಮಂದಿರ ಅದು. ಕೆಳಗಿನ ಗೋಡೆಗಳ ತುಂಬ, ಕತ್ತು ಎತ್ತಿ ನೋಡಬೇಕಾದಷ್ಟು ಎತ್ತರದವರೆಗೆ, ನಾತ್ಸಿಗಳು ಕೊಂದ, ಚೆಕ್ ಪ್ರಾಂತಗಳಾದ ಬೊಹೀಮಿಯ ಮತ್ತು ಮೊರಾವಿಯದ ಸುಮಾರು 78,000 ಯಹೂದಿಗಳ ಹೆಸರುಗಳಿವೆ. ಊರಿನ ಪ್ರಕಾರ, ಮನೆತನದ ಪ್ರಕಾರ, ಹುಟ್ಟಿದ ದಿನದ ಸಮೇತ. ಅಚ್ಚು ಹಾಕಿದ್ದಲ್ಲ, ಕುಂಚ ಹಿಡಿದು ಬರೆದದ್ದು.

ವಾತ್ಸ್ಲಾವ್ ಬೊಷ್ಟೀಕ್, ಯಿರ್ಶಿ ಯೋನ್ ಎಂಬ ಇಬ್ಬರು ಚಿತ್ರಕಾರರ ನೇತೃತ್ವದಲ್ಲಿ 1950ರ ದಶಕದಲ್ಲಿ ಇವನ್ನು ಬರೆಯಲಾಯಿತು. ನೆಲದಡಿಯ ನೀರು ಗೋಡೆಗೆ ಏರಿತೆಂದು 1968ರಲ್ಲಿ ಮಂದಿರವನ್ನು ಮುಚ್ಚಿದರು, ಬರಹವೂ ಹಾಳಾಯಿತು. ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ, 1992ರಿಂದ 1996ರವರೆಗೆ, ಒಂದೊಂದು ಹೆಸರನ್ನೂ ಮತ್ತೆ ಬರೆದರು. ಸುಣ್ಣದ ಗೋಡೆಯ ಮೇಲೆ ಒಂದು ಸಾಲು ನೇರವಾಗಿ ಬರೆಯಲು ಎಷ್ಟು ಉಸಿರು ಬಿಗಿಹಿಡಿಯಬೇಕೆಂದು ಬೋರ್ಡು ಬರೆದ ನನ್ನ ಕೈಗೆ ಗೊತ್ತು.

ಮೇಲಿನ ಮಹಡಿಯಲ್ಲಿ ತೆರೆಜೀನ್‌ನ ಮಕ್ಕಳು ಬರೆದ ಚಿತ್ರಗಳಿವೆ. ನಾನು ಹೆಚ್ಚು ಹೊತ್ತು ಕಳೆದದ್ದು ಅಲ್ಲಿ.

ತೆರೆಜೀನ್ ಎಂಬುದು ಪ್ರಾಗ್‌ನ ಉತ್ತರಕ್ಕಿರುವ ಕೋಟೆಯ ಊರು. 1941ರ ನವೆಂಬರಿನಿಂದ ನಾತ್ಸಿಗಳು ಅದನ್ನು ಯಹೂದಿಗಳನ್ನು ಕೂಡಿಡುವ ಘೆಟ್ಟೊ ಮಾಡಿದರು. ಅಲ್ಲಿಂದ ಮುಂದಿನ ರೈಲು ಆಶ್‌ವಿಟ್ಸ್‌ನಂಥ ಕೊಲೆಯ ಶಿಬಿರಗಳಿಗೆ. ಹಸಿವು, ರೋಗಗಳಿಂದ ಆ ಊರಲ್ಲೇ ಸತ್ತವರು ಸುಮಾರು 33,000. ಮಕ್ಕಳಿಗೆ ಪಾಠ ಹೇಳುವುದಕ್ಕೆ ನಿಷೇಧವಿತ್ತು. ಚಿತ್ರ, ಹಾಡಿಗೆ ಅಷ್ಟು ಅಡ್ಡಿ ಇರಲಿಲ್ಲ. ಆ ಸಂದಿಯಲ್ಲಿ ಫ್ರೀಡ್ಲ್ ತರಗತಿ ನಡೆಸಿದರು. ಜರ್ಮನಿಯ ವೈಮಾರ್‌ನ ಬೌಹೌಸ್ ಕಲಾಶಾಲೆಯಲ್ಲಿ ಯೊಹಾನೆಸ್ ಇಟ್ಟೆನ್ ಅವರ ಕೈಕೆಳಗೆ ಕಲಿತವರು ಅವರು. ಕಲಿತದ್ದನ್ನೆಲ್ಲ ಕಿಕ್ಕಿರಿದ ಕೋಣೆಗಳ ಮಕ್ಕಳ ಮುಂದೆ ಸುರಿದರು. ಕಾಗದ ಮುಗಿದಾಗ ಕಚೇರಿಯ ಬಳಸಿದ ನಮೂನೆಗಳ ಹಿಂಬದಿ. ಬಣ್ಣ ಮುಗಿದಾಗ ಅದೇ ಕಾಗದವನ್ನು ಹರಿದು ಅಂಟಿಸಿದ ಚಿತ್ರ.

ಆ ಅಂಟುಚಿತ್ರಗಳ ಮುಂದೆ ನಾನು ನಿಂತೇಬಿಟ್ಟೆ. ಮುದ್ರಿತ ಗೆರೆಗಳಿರುವ ನಮೂನೆಯ ತುಂಡನ್ನು ಯಾವ ದಿಕ್ಕಿಗೆ ತಿರುಗಿಸಿದರೆ ಅದು ಗುಡ್ಡವಾಗುತ್ತದೆ ಎಂದು ಆ ಮಗು ಯೋಚಿಸಿದೆ. ಇದು ಕಲಿಸದೆ ಬರುವುದಿಲ್ಲ, ಹೇರಿದರೂ ಬರುವುದಿಲ್ಲ. ನಮ್ಮಲ್ಲಿ ಚಿತ್ರಕಲೆಯ ಲೋಯರ್, ಹೈಯರ್ ಪರೀಕ್ಷೆಗೆಂದು ಮಕ್ಕಳನ್ನು ಸಿದ್ಧಪಡಿಸುವಾಗ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ ಎಂಬ ಚಿತ್ರ ಎಲ್ಲ ಹಾಳೆಯಲ್ಲೂ ಬರುತ್ತದೆ. ತೆರೆಜೀನ್ ಮಕ್ಕಳ ಚಿತ್ರಗಳಿರುವ ಆ ಗೋಡೆಯಲ್ಲಿ ಒಂದರಂತೆ ಇನ್ನೊಂದಿಲ್ಲ. ಹೂದಾನಿ, ಕುದುರೆ, ಬಿಟ್ಟುಬಂದ ಮನೆಯ ಊಟದ ಮೇಜು. ಕೆಲವು ಹಾಳೆಗಳಲ್ಲಿ ಮೂರು ಅಂತಸ್ತಿನ ಮಂಚ, ಸಾಲಿನಲ್ಲಿ ನಿಂತ ಜನ.

ಬಹುತೇಕ ಹಾಳೆಗಳ ಮೇಲೆ ಹೆಸರಿದೆ. ಫ್ರೀಡ್ಲ್ ಹೆಸರು ಬರೆಯಿಸುತ್ತಿದ್ದರು, ಜೊತೆಗೆ ಕೋಣೆಯ ಗುರುತನ್ನೂ. ಸಾಗಾಣಿಕೆಯ ಸಂಖ್ಯೆಯಿಂದ ಗುರುತಿಸಲಾಗುತ್ತಿದ್ದ ಮಗುವಿನ ಕೈಯಿಂದ ಅದರ ಹೆಸರನ್ನೇ ಬರೆಸಿದ್ದು ನನ್ನ ದೃಷ್ಟಿಯಲ್ಲಿ ಅವರು ಕಲಿಸಿದ ಅತಿ ದೊಡ್ಡ ಪಾಠ. ಹೆಸರಿರುವುದರಿಂದಲೇ ವಸ್ತುಸಂಗ್ರಹಾಲಯದವರಿಗೆ ಚಿತ್ರಗಳ ಕೆಳಗೆ ಹುಟ್ಟಿದ ದಿನಾಂಕ, ಸಾಗಿಸಿದ ದಿನಾಂಕ ಹಾಕಲು ಸಾಧ್ಯವಾಗಿದೆ. 1944ರ ಅಕ್ಟೋಬರ್ ಎಂಬುದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹುಟ್ಟಿದ ವರ್ಷವನ್ನು ಅದರಿಂದ ಕಳೆದು ನೋಡುವುದನ್ನು ನನ್ನಿಂದ ನಿಲ್ಲಿಸಲಾಗಲಿಲ್ಲ. ಹನ್ನೊಂದು. ಹದಿಮೂರು. ನನ್ನ ಎಂಟನೇ ತರಗತಿಯ ವಯಸ್ಸು.

1944ರ ಜೂನ್ 23ರಂದು ರೆಡ್ ಕ್ರಾಸ್ ಪ್ರತಿನಿಧಿಗಳು ತೆರೆಜೀನ್ ನೋಡಲು ಬಂದಿದ್ದರು. ಅವರಿಗಾಗಿ ಮನೆಗಳಿಗೆ ಬಣ್ಣ ಹೊಡೆಸಿ, ಹೂಗಿಡ ನೆಡಿಸಿ, ಊರು ಕಿಕ್ಕಿರಿದು ಕಾಣಬಾರದೆಂದು ಮೇ ತಿಂಗಳಲ್ಲೇ ಸುಮಾರು 7,500 ಜನರನ್ನು ಆಶ್‌ವಿಟ್ಸ್‌ಗೆ ಸಾಗಿಸಿದ್ದರು. ಬಂದವರು ತೋರಿಸಿದ್ದನ್ನು ನೋಡಿ ಹೋದರು. ಬಣ್ಣವನ್ನು ಹಾಗೆ ಬಳಸಿದ್ದನ್ನು ಓದಿ ನನ್ನ ಮೈ ಉರಿಯಿತು, ಈಗಲೂ ಉರಿಯುತ್ತದೆ.

ಸೆಪ್ಟೆಂಬರ್ ಕೊನೆಯಿಂದ ಒಂದೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನರನ್ನು ರೈಲಿಗೆ ಹತ್ತಿಸಿದರು. ಪಾವೆಲ್ ಮೊದಲು ಹೋದರು. ಫ್ರೀಡ್ಲ್ ತಾವಾಗಿಯೇ ಹೆಸರು ಕೊಟ್ಟು ಅಕ್ಟೋಬರ್ 6ರ ರೈಲಿನಲ್ಲಿ ಹೊರಟರು. ಆಶ್‌ವಿಟ್ಸ್‌ನ ಬಿರ್ಕೆನೌ ಶಿಬಿರದಲ್ಲಿ ಅವರನ್ನು ಕೊಂದರು. ಪಾವೆಲ್ ಬದುಕಿ ಉಳಿದರು. ಹೊರಡುವ ಮೊದಲು ಫ್ರೀಡ್ಲ್ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸಿನಲ್ಲಿ ತುಂಬಿ ಬಾಲಕಿಯರ ವಸತಿಗೃಹದ ಶಿಕ್ಷಕಿಯ ವಶಕ್ಕೆ ಕೊಟ್ಟಿದ್ದರು. ಆ ಗೃಹವನ್ನು ನೋಡಿಕೊಳ್ಳುತ್ತಿದ್ದ ವಿಲ್ಲಿ ಗ್ರೋಗ್ ಯುದ್ಧ ಮುಗಿದ ಮೇಲೆ ಅವನ್ನು ಪ್ರಾಗ್‌ಗೆ ತಂದರು. ಚಿತ್ರ ಬರೆದ ಮಕ್ಕಳಲ್ಲಿ ಹೆಚ್ಚಿನವರು ಬದುಕಿ ಬರಲಿಲ್ಲ.

ಈ ಮಕ್ಕಳ ವಿಷಯ ಬಂದಾಗ ಭಿತ್ತಿಪತ್ರಗಳಲ್ಲಿ ಒಂದು ಚಿಟ್ಟೆ ಹಾಕಿಬಿಡುವುದು ರೂಢಿಯಾಗಿದೆ. ನನಗದು ಹಿಡಿಸುವುದಿಲ್ಲ. ಚಿಟ್ಟೆ ಬರೆದ ಮಗುವಿದೆ, ಕುದುರೆಯ ಹಿಂಗಾಲು ಸರಿಬಾರದೆ ಮೂರು ಸಲ ಅಳಿಸಿದಂತೆ ಕಾಣುವ ಮಗುವೂ ಇದೆ. ಬೇರೆಬೇರೆಯಾಗಿ ನೋಡಬೇಕು, ಹೆಸರು ಓದಿ ನೋಡಬೇಕು.

ಯುದ್ಧಕ್ಕೆ ಮುನ್ನ ಫ್ರೀಡ್ಲ್ ಬಳಿ ಕಲಿತ ಎಡಿತ್ ಕ್ರೇಮರ್ 1938ರಲ್ಲಿ ನ್ಯೂಯಾರ್ಕ್ ಸೇರಿ, ನೊಂದ ಮಕ್ಕಳಿಗೆ ಚಿತ್ರಕಲೆಯ ಮೂಲಕ ಚಿಕಿತ್ಸೆ ನೀಡುವ ವಿಧಾನವನ್ನು ಕಟ್ಟಿದವರಲ್ಲಿ ಒಬ್ಬರಾದರು. ಫ್ರೀಡ್ಲ್ 1943ರಲ್ಲಿ ಘೆಟ್ಟೊದೊಳಗೇ ಸಹಶಿಕ್ಷಕರ ಮುಂದೆ ಮಕ್ಕಳ ಚಿತ್ರದ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಮಕ್ಕಳನ್ನೆಲ್ಲ ಕಲಾವಿದರನ್ನಾಗಿ ಮಾಡುವುದು ನಮ್ಮ ಗುರಿಯಲ್ಲ, ಅವರೊಳಗಿನ ಸೃಷ್ಟಿಶಕ್ತಿಗೆ ದಾರಿ ಬಿಡುವುದು ಎಂಬುದು ಅದರ ತಿರುಳು. ನಮ್ಮ ತಾಲ್ಲೂಕಿನ ಚಿತ್ರಕಲಾ ಶಿಕ್ಷಕರು ಮುಂದಿನ ತಿಂಗಳು ಸೇರುವಾಗ ಮಾತನಾಡಲು ನನ್ನನ್ನು ಕರೆದಿದ್ದಾರೆ. ಆ ಉಪನ್ಯಾಸದ ಬಗ್ಗೆಯೇ ಮಾತನಾಡುತ್ತೇನೆಂದು ತಿಳಿಸಿದ್ದೇನೆ.