ಗುಂಡಪ್ಪ ನಿಧಾನವಾದ ದಿನ

1999ರ ಬೇಸಿಗೆ ರಜೆ. ಅರಸೀಕೆರೆ ಹತ್ತಿರದ ನಮ್ಮ ಅಜ್ಜಿ ಮನೆಯ ಪಡಸಾಲೆ. ಐದು ಜನ ಮಕ್ಕಳು ಚಾಪೆ ಹಾಸಿಕೊಂಡು ಟೀವಿ ಮುಂದೆ ಕೂತಿದ್ದೇವೆ. ಮಸ್ಕತ್‌ನಲ್ಲಿ ಕೆಲಸದಲ್ಲಿದ್ದ ಚಿಕ್ಕ ಮಾವ ರಜೆಗೆ ಬರುವಾಗ ಟೀವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಬೂದು ಬಣ್ಣದ ಪ್ಲೇಸ್ಟೇಷನ್ ತಂದಿದ್ದರು. ಜೊತೆಗೆ ಒಂದೇ ಒಂದು ಸಿಡಿ, ಕ್ರ್ಯಾಶ್ ಬ್ಯಾಂಡಿಕೂಟ್. ರಿಮೋಟ್ ಕೂಡ ಒಂದೇ. ಆಟ ಎಲ್ಲಿಯವರೆಗೆ ಬಂತು ಅಂತ ಉಳಿಸಿಡುವ ಮೆಮರಿ ಕಾರ್ಡ್ ಇರಲಿಲ್ಲ.

ಮೆಮರಿ ಕಾರ್ಡ್ ಇಲ್ಲದೆ ಆ ಆಟ ಆಡಿದವರಿಗೆ ಅದರ ಕಷ್ಟ ಗೊತ್ತು. ಪಾಸ್‌ವರ್ಡ್ ಬರೆದಿಟ್ಟುಕೊಳ್ಳಬಹುದಿತ್ತು, ತ್ರಿಕೋನ, ಚೌಕ, ಸೊನ್ನೆ, ಇಂಟು ಗುರುತುಗಳದ್ದು. ಆದರೆ ಅದು ಸುಮ್ನೆ ಕೊಡುವುದಿಲ್ಲ. ಬೋನಸ್ ಸುತ್ತು ಮುಗಿಸಬೇಕು, ಇಲ್ಲವೇ ಜೆಮ್ ಗೆಲ್ಲಬೇಕು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಬಂದ ಮೇಲೆ ಮತ್ತೆ ಮೊದಲಿಂದ. ಹಾಗಾಗಿ ನಮಗೆ ಮೊದಲನೇ ದ್ವೀಪದ ಮೊದಲ ಮೂರು ಲೆವೆಲ್ ಬಾಯಿಪಾಠ. ಕಣ್ಣು ಮುಚ್ಚಿಕೊಂಡು ದಾಟುತ್ತಿದ್ದೆವು. ನಾಲ್ಕನೆಯದು ಬಂತೆಂದರೆ ಪಡಸಾಲೆಯಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಿದ್ದರು.

ಆ ಲೆವೆಲ್ ಹೆಸರು ಬೌಲ್ಡರ್ಸ್. ನಮ್ಮ ಮನೆಯಲ್ಲಿ ಅದಕ್ಕೆ ಗುಂಡಪ್ಪನ ಲೆವೆಲ್ ಅಂತ ಹೆಸರು.

ಗುಂಡಪ್ಪ ಅಂದರೆ ಒಂದು ಗುಂಡುಕಲ್ಲು. ದಾರಿಯ ಅಗಲ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಅಗಲ. ಗಡಗಡ ಅಂತ ಉರುಳಿಕೊಂಡು ಹಿಂದೆಯೇ ಬರುತ್ತದೆ. ಪಕ್ಕಕ್ಕೆ ಸರಿದು ಬಿಟ್ಟುಕೊಡೋಣ ಅಂದರೆ ಜಾಗ ಇಲ್ಲ. ಹೊಡೆದು ಒಡೆಯೋಣ ಅಂದರೆ ಒಡೆಯುವುದಿಲ್ಲ. ಆಟದ ಬೇರೆ ಶತ್ರುಗಳನ್ನು ಗಿರಗಿರ ತಿರುಗಿ ಹಾರಿಸಿಬಿಡಬಹುದು, ಮೇಲೆ ಹಾರಿ ತುಳಿಯಬಹುದು. ಗುಂಡಪ್ಪನ ಮುಂದೆ ಮಾಡಲಿಕ್ಕಿರುವುದು ಒಂದೇ, ಓಡುವುದು.

ಓಡುವುದೂ ಎಲ್ಲಿಗೆ? ನಮ್ಮ ಕಡೆಗೆ! ಮೊದಲ ಸಲ ನೋಡಿದಾಗ ನನಗೆ ಅರ್ಥವೇ ಆಗಲಿಲ್ಲ. ಅಲ್ಲಿಯವರೆಗೆ ಮೇಲಿನ ಬಾಣದ ಗುಂಡಿ ಒತ್ತಿದರೆ ಆಟದ ನಾಯಕ ಕ್ರ್ಯಾಶ್ ನಮಗೆ ಬೆನ್ನು ಹಾಕಿ ಕಾಡಿನೊಳಗೆ ಓಡುತ್ತಿದ್ದ. ಇಲ್ಲಿ ಕೆಳಗಿನ ಬಾಣ ಒತ್ತಬೇಕು. ಅವನು ಟೀವಿಯಿಂದ ಆಚೆ ಬಂದುಬಿಡುತ್ತಾನೇನೋ ಅನ್ನುವ ಹಾಗೆ ನಮ್ಮತ್ತ ಓಡಿ ಬರುತ್ತಾನೆ. ಕಿತ್ತಳೆ ಬಣ್ಣದ ಮುಖ, ದಪ್ಪ ಹುಬ್ಬು, ನೀಲಿ ಚಡ್ಡಿ, ಕೆಂಪು ಶೂ ಎಲ್ಲ ಚೆನ್ನಾಗಿ ಕಾಣುತ್ತದೆ. ಅವನ ತಲೆಯ ಹಿಂದೆ ಗುಂಡಪ್ಪನೂ ಚೆನ್ನಾಗಿ ಕಾಣುತ್ತಾನೆ. ಕಾಣದೇ ಇರುವುದು ಮುಂದಿನ ದಾರಿ ಮಾತ್ರ. ಹಳ್ಳ ಬಂದದ್ದು ಕಾಲ ಬುಡಕ್ಕೆ ಬಂದ ಮೇಲೇ ಗೊತ್ತಾಗುವುದು.

ಉರುಳುವ ವೈರಿಗಳು ಅದಕ್ಕೂ ಮೊದಲೇ ಇದ್ದವು. 1981ರ ಡಾಂಕಿ ಕಾಂಗ್ ಆಟದಲ್ಲಿ ಪೀಪಾಯಿಗಳು ಉರುಳಿ ಬರುತ್ತವೆ. ಆದರೆ ಅವು ಎದುರಿಂದ ಬರುತ್ತವೆ, ಹಾರಿದರೆ ಮುಗಿಯಿತು, ತಮ್ಮ ಪಾಡಿಗೆ ತಾವು ಹೋಗುತ್ತವೆ. ಬೆನ್ನು ಹತ್ತಿ ಬರುವುದು ಬೇರೆಯೇ ಭಯ. ಕ್ರ್ಯಾಶ್‌ನ ಎರಡನೇ ಆಟದಲ್ಲಿ ದೈತ್ಯ ಹಿಮಕರಡಿ ಅಟ್ಟಿಸಿಕೊಂಡು ಬರುತ್ತದೆ, ಮೂರನೆಯದರಲ್ಲಿ ಮೂರು ಕೊಂಬಿನ ಡೈನೋಸಾರ್. ಎರಡನ್ನೂ ಆಮೇಲೆ ಆಡಿದ್ದೇನೆ. ನೋಡಲು ಅವು ಜೋರಾಗಿವೆ ನಿಜ. ಆದರೂ ನನಗೆ ಗುಂಡಪ್ಪನಷ್ಟು ಹೆದರಿಕೆ ಆಗಲಿಲ್ಲ. ಕರಡಿಗೆ ಮುಖ ಇದೆ, ಸಿಟ್ಟಿದೆ. ಕಲ್ಲಿಗೆ ಏನೂ ಇಲ್ಲ. ಅದು ಸುಮ್ನೆ ಬರುತ್ತದೆ.

ನಮ್ಮ ಮನೆಯ ನಿಯಮ ಇಷ್ಟೇ. ಒಂದು ಸಲ ಸತ್ತರೆ ರಿಮೋಟ್ ಮುಂದಿನವರಿಗೆ. ಸರದಿ ವಯಸ್ಸಿನ ಪ್ರಕಾರ. ಮೊದಲು ಅಣ್ಣ, ಅಂದರೆ ದೊಡ್ಡಮ್ಮನ ಮಗ, ಹದಿನಾಲ್ಕು ವರ್ಷ. ಆಮೇಲೆ ಅವನ ತಂಗಿ, ನನಗೆ ಅಕ್ಕ. ಆಮೇಲೆ ದೊಡ್ಡ ಮಾವನ ಮಕ್ಕಳಿಬ್ಬರು. ಕಡೆಯಲ್ಲಿ ನಾನು. ನನಗೆ ಏಳು ವರ್ಷ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಅಣ್ಣ ಮೊದಲ ಮೂರು ಲೆವೆಲ್‌ನಲ್ಲಿ ಹಣ್ಣು ಆರಿಸಿ ಆರಿಸಿ ಲೈಫ್ ಕೂಡಿಸಿಡುತ್ತಿದ್ದ. ನೂರು ವುಂಪಾ ಹಣ್ಣಿಗೆ ಒಂದು ಲೈಫ್. ಆ ಗಂಟನ್ನು ಐದೂ ಜನ ಸೇರಿ ಗುಂಡಪ್ಪನ ಹತ್ತಿರ ಖರ್ಚು ಮಾಡುತ್ತಿದ್ದೆವು.

ಅಣ್ಣ ಹಣ್ಣಿನ ಆಸೆಗೆ ಸಾಯುತ್ತಿದ್ದ. ದಾರಿಯ ಅಂಚಿನ ಒಂದು ಹಣ್ಣಿಗೆ ಅರ್ಧ ಹೆಜ್ಜೆ ಪಕ್ಕಕ್ಕೆ ಹೋದರೂ ಸಾಕು, ಅಪ್ಪಚ್ಚಿ. ಅಕ್ಕ ಪೆಟ್ಟಿಗೆ ಒಡೆಯಲು ಹೋಗಿ ಸಾಯುತ್ತಿದ್ದಳು. ಈ ಆಟದಲ್ಲಿ ಬಿಟ್ಟುಬಂದ ಪೆಟ್ಟಿಗೆಗಳೆಲ್ಲ ಲೆವೆಲ್ ಮುಗಿದ ಮೇಲೆ ಒಂದೊಂದಾಗಿ ಕ್ರ್ಯಾಶ್ ತಲೆ ಮೇಲೆ ಬೀಳುತ್ತವೆ. ಅದು ಅವಳಿಗೆ ಅವಮಾನ. ಮಾವನ ಮಕ್ಕಳು ಹಿಂದೆ ಬರುವ ಕಲ್ಲನ್ನೇ ನೋಡುತ್ತಾ ಹಳ್ಳಕ್ಕೆ ಬೀಳುತ್ತಿದ್ದರು. ದಾರಿ ಕಾಣದ ಲೆವೆಲ್ ಅಲ್ವಾ, ಅದಕ್ಕೇ ಸತ್ತವರೆಲ್ಲ ಸೇರಿ ಆಡುವವರಿಗೆ ಕೂಗಿ ಹೇಳುತ್ತಿದ್ದರು. "ಹಳ್ಳ! ಅಡ್ಡ! ಇನ್ನೊಂದು ಹಳ್ಳ! ಹಾರು, ಹಾರು, ಹಾರೇ!" ಒಳಗೆ ರೊಟ್ಟಿ ತಟ್ಟುತ್ತಿದ್ದ ಅಜ್ಜಿಗೂ ಆ ಕ್ರಮ ಬಾಯಿಗೆ ಬಂದುಬಿಟ್ಟಿತ್ತು.

ಅವತ್ತು ಮಧ್ಯಾಹ್ನ ಲೈಫ್ ಜಾಸ್ತಿ ಇತ್ತು. ರಿಮೋಟ್ ಎರಡು ಮೂರು ಸುತ್ತು ಬಂತು. ಎಲ್ಲರೂ ಸತ್ತರು, ನಾನೂ ಸತ್ತೆ. ಮತ್ತೆ ನನ್ನ ಸರದಿ ಬಂತು. ಅಣ್ಣ ಬೇಸರದಲ್ಲಿ ಗೋಡೆಗೆ ಒರಗಿ ಕೂತಿದ್ದ. ನಾನು ಕೆಳಗಿನ ಬಾಣ ಒತ್ತಿ ಹಿಡಿದೆ. ಬೆವರಿಗೆ ಹೆಬ್ಬೆರಳು ಜಾರುತ್ತಿತ್ತು, ಫ್ರಾಕಿಗೆ ಒರೆಸಿಕೊಳ್ಳಲು ಪುರುಸೊತ್ತಿಲ್ಲ. ಮೊದಲ ಹಳ್ಳ ಹಾರಿದೆ. ಅಡ್ಡ ಹಾರಿದೆ. ಹಿಂದೆ ಗುಂಡಪ್ಪ ಇದ್ದ. ಆದರೆ ಅವನ ಮತ್ತು ಕ್ರ್ಯಾಶ್‌ನ ನಡುವೆ ಒಂದಿಷ್ಟು ನೆಲ ಕಾಣುತ್ತಿತ್ತು. ಯಾವತ್ತೂ ಕಾಣದ ನೆಲ. ಅಕ್ಕ ಕೂಗುವುದನ್ನು ನಿಲ್ಲಿಸಿ ಎದ್ದು ನಿಂತಳು. ನಾನು ದಾಟಿದೆ.

ಅಣ್ಣ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿತ್ತಿಲ ತನಕ ಓಡಿದ್ದ. ಆಮೇಲೆ ಹೈಸ್ಕೂಲು, ಕಾಲೇಜು ಎಲ್ಲ ಕಡೆ ಈ ಕಥೆ ಹೇಳಿದ್ದೇನೆ. ಏಳು ವರ್ಷದವಳು, ದೊಡ್ಡವರ ಕೈಲಿ ಆಗದ್ದನ್ನು ಮಾಡಿದವಳು.

ಕಳೆದ ತಿಂಗಳು ಈ ಆಟ ಮಾಡಿದವರ ಬರಹಗಳನ್ನು ಕೂತು ಓದಿದೆ. ನಾಟಿ ಡಾಗ್ ಕಂಪನಿ ಕಟ್ಟಿದ ಆಂಡಿ ಗ್ಯಾವಿನ್ ಮತ್ತು ಜೇಸನ್ ರೂಬಿನ್ ಬಾಲ್ಯದ ಗೆಳೆಯರು. 1994ರಲ್ಲಿ ಬಾಸ್ಟನ್‌ನಿಂದ ಲಾಸ್ ಏಂಜಲೀಸ್‌ಗೆ ಕಾರಿನಲ್ಲಿ ಹೋಗುತ್ತಾ ದಾರಿಯುದ್ದಕ್ಕೂ ಇದೇ ಮಾತು. ಪಕ್ಕದಿಂದ ನೋಡುವ ಓಡುವ-ಹಾರುವ ಆಟವನ್ನು ಆಳವಿರುವ ಮೂರು ಆಯಾಮಕ್ಕೆ ತಂದರೆ ಹೇಗಿರುತ್ತದೆ ಅಂತ. ಕೂಡಲೇ ಒಂದು ಚಿಂತೆ ಹತ್ತಿಕೊಂಡಿತಂತೆ. ಕ್ಯಾಮೆರಾ ಹಿಂದೆ ಇದ್ದರೆ ಆಡುವವರು ಇಡೀ ಆಟ ನಾಯಕನ ಬೆನ್ನನ್ನೇ ನೋಡಬೇಕಲ್ಲ? ಮುಖ ನೋಡದೆ ಪ್ರೀತಿ ಹುಟ್ಟುವುದು ಹೇಗೆ? ಕ್ರ್ಯಾಶ್ ನಮ್ಮ ಕಡೆ ಓಡಿ ಬರುವ ಲೆವೆಲ್ ಹುಟ್ಟಿದ್ದಕ್ಕೆ ಈ ಚಿಂತೆಯೂ ಒಂದು ಕಾರಣ. ಆ ಮುಖಕ್ಕೆ ಅವರು ಪಟ್ಟ ಪಾಡೂ ಕಡಿಮೆಯಲ್ಲ. ಇಡೀ ಕ್ರ್ಯಾಶ್ ಅಂದರೆ ಬರೀ 512 ಪಾಲಿಗನ್, ಅಂದರೆ ಮೈಯ ಆಕಾರ ಕಟ್ಟುವ ಪುಟ್ಟ ಪುಟ್ಟ ಚಪ್ಪಟೆ ತುಂಡುಗಳು. ಕೀಲುಗೊಂಬೆಯ ಹಾಗೆ ಕೈಕಾಲು ಆಡಿಸುವ ವಿಧಾನ ಬಿಟ್ಟು, ಪ್ರತಿ ಚಲನೆಗೂ ಮೈಯ ಒಂದೊಂದು ಬಿಂದು ಎಲ್ಲಿರಬೇಕು ಅಂತ ಉಳಿಸಿಟ್ಟರು. ಅದಕ್ಕೇ ಅವನ ಬಾಯಿ, ಹುಬ್ಬು ಹಾಗೆ ಹಿಗ್ಗಿ ಕುಗ್ಗುವುದು. ಆಟ 1996ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು.

ಅಲ್ಲೇ ಇನ್ನೊಂದು ವಿಷಯ ಸಿಕ್ಕಿತು. ಓದಿ ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ.

ಆಟ ನಮ್ಮ ಸಾವುಗಳನ್ನು ಎಣಿಸುತ್ತದೆ. ಒಂದೇ ಕಡೆ ಮತ್ತೆ ಮತ್ತೆ ಸತ್ತರೆ, ಒಂದು ಏಟು ತಡೆಯುವ ಅಕು ಅಕು ಮುಖವಾಡವನ್ನು ಶುರುವಿನಲ್ಲೇ ಕೊಡುತ್ತದೆ. ಕೆಲವು ಸಲ ಮಾಮೂಲಿ ಪೆಟ್ಟಿಗೆಯೊಂದು ಚೆಕ್‌ಪಾಯಿಂಟ್ ಆಗಿಬಿಡುತ್ತದೆ, ಅಂದರೆ ಸತ್ತರೆ ಮತ್ತೆ ಅಲ್ಲಿಂದಲೇ ಶುರು. ಇನ್ನು ಗುಂಡುಕಲ್ಲಿನಿಂದ ಓಡುವಾಗ ತುಂಬ ಸಲ ಸತ್ತರೆ, ಕಲ್ಲು ಸ್ವಲ್ಪ ನಿಧಾನವಾಗುತ್ತದೆ. ತೆರೆಯ ಮೇಲೆ ಒಂದು ಮಾತೂ ಬರುವುದಿಲ್ಲ. ಚೆನ್ನಾಗಿ ಆಡುವವರಿಗೆ ಹೀಗೊಂದು ಇದೆ ಅಂತಲೇ ತಿಳಿಯುವುದಿಲ್ಲ. ಆಡಲು ಬಾರದವರ ಕೈ ಹಿಡಿಯಬೇಕು, ಬಲ್ಲವರ ಆಟ ಕೆಡಬಾರದು ಅನ್ನುವುದು ಅವರ ಯೋಚನೆ.

ಗುಂಡಪ್ಪ ನಿಧಾನವಾಗಿದ್ದ. ಆ ಒಂದಿಷ್ಟು ನೆಲ ನನಗೆ ಕಂಡದ್ದು ಅದಕ್ಕೆ.

ಮೊದಲು ಎದೆ ಭಾರವಾಯಿತು. ಇಪ್ಪತ್ತೈದು ವರ್ಷ ಹೇಳಿಕೊಂಡು ಬಂದ ಕಥೆ. ಸ್ವಲ್ಪ ಹೊತ್ತಿಗೆ ಬೇರೆ ಲೆಕ್ಕ ತಲೆಗೆ ಬಂತು. ಅವತ್ತು ಆ ಲೆವೆಲ್‌ನಲ್ಲಿ ಸತ್ತದ್ದು ನಾನೊಬ್ಬಳೇ ಅಲ್ಲ. ರಿಮೋಟ್ ಯಾರ ಕೈಯಲ್ಲಿದೆ ಅಂತ ಆಟಕ್ಕೆ ಹೇಗೆ ಗೊತ್ತು? ಅದರ ಲೆಕ್ಕಕ್ಕೆ ನಾವು ಐದೂ ಜನ ಸೇರಿ ಒಬ್ಬರೇ. ಅಣ್ಣ ಹಣ್ಣಿಗೆ ಸತ್ತದ್ದು, ಅಕ್ಕ ಪೆಟ್ಟಿಗೆಗೆ ಸತ್ತದ್ದು, ಮಾವನ ಮಕ್ಕಳು ಹಳ್ಳಕ್ಕೆ ಬಿದ್ದದ್ದು ಎಲ್ಲ ಒಂದೇ ಖಾತೆಗೆ ಜಮೆ ಆಗಿದೆ. ಅವರು ಸತ್ತು ಸತ್ತು ಕಲ್ಲನ್ನು ನಿಧಾನ ಮಾಡಿದರು. ಕೊನೆಗೆ ರಿಮೋಟ್ ಬಂದದ್ದು ನನ್ನ ಕೈಗೆ. ಹಳ್ಳ ಎಲ್ಲಿದೆ ಅಂತ ಕೂಗಿ ಹೇಳಿದ್ದೂ ಅವರೇ.

ಆಟ ಮಾಡಿದವರು ಹೀಗೆ ಗುಟ್ಟಾಗಿ ಮಾಡಿದ್ದು ಒಳ್ಳೆಯದಾಯಿತು. ಶುರುವಿನಲ್ಲೇ ಸುಲಭ ಬೇಕಾ, ಕಷ್ಟ ಬೇಕಾ ಅಂತ ಕೇಳಿದ್ದರೆ ನಮ್ಮ ಅಣ್ಣ ಸತ್ತರೂ ಸುಲಭ ಅಂತ ಒತ್ತುತ್ತಿರಲಿಲ್ಲ. ಅಕ್ಕನೂ ಅಷ್ಟೇ. ಆ ರಜೆಯಲ್ಲಿ ಎರಡನೇ ದ್ವೀಪದ ಮುಖ ನಾವು ನೋಡುತ್ತಲೇ ಇರಲಿಲ್ಲ. ಅಂದಹಾಗೆ ಅಲ್ಲೂ ಇನ್ನೊಬ್ಬ ಗುಂಡಪ್ಪ ಇದ್ದಾನೆ, ಬೌಲ್ಡರ್ ಡ್ಯಾಶ್ ಅನ್ನುವ ಲೆವೆಲ್‌ನಲ್ಲಿ. ಅವನ ಹತ್ತಿರ ಹೋಗುವಷ್ಟರಲ್ಲಿ ರಜೆ ಮುಗಿಯಿತು.

ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿದೆ. ಅವನೀಗ ದಾವಣಗೆರೆಯಲ್ಲಿದ್ದಾನೆ, ಮಗ ಪಿಯುಸಿ. ಎಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅಂದ್ರೆ ನಾನು ಎಷ್ಟು ಸಲ ಸತ್ತೆ ಅವತ್ತು?"

"ಎಲ್ಲರಿಗಿಂತ ಜಾಸ್ತಿ ನೀನೇ ಕಣೋ. ಹಣ್ಣು ಬಿಡ್ತಿರಲಿಲ್ಲ ನೀನು."

"ಆ ಹಣ್ಣಿಂದಾನೇ ಅಲ್ವೇನೇ ಅಷ್ಟು ಲೈಫ್ ಬಂದಿದ್ದು?"

ಅದೂ ನಿಜ. ನನಗೆ ಹೊಳೆದೇ ಇರಲಿಲ್ಲ. ಲೈಫ್ ಇರದಿದ್ದರೆ ಅಷ್ಟು ಸಲ ಸಾಯಲೂ ಆಗುತ್ತಿರಲಿಲ್ಲ.

ಪ್ಲೇಸ್ಟೇಷನ್ ಈಗಲೂ ಅಜ್ಜಿ ಮನೆ ಅಟ್ಟದ ಮೇಲೆ ರಟ್ಟಿನ ಡಬ್ಬದಲ್ಲಿದೆ. ಹಳೇ ಟೀವಿಯೂ ಇದೆ. ದೀಪಾವಳಿಗೆ ಐದೂ ಜನ ಊರಿಗೆ ಹೋಗುವುದು ಅಂತ ಆಗಿದೆ. ಹಳದಿ ಬಿಳಿ ಕೆಂಪು ಪಿನ್ನಿನ ವೈರ್ ಹುಡುಕಿಡುವ ಕೆಲಸ ನನ್ನದು. ಫೋನ್ ಇಡುವ ಮುಂಚೆ ಅಣ್ಣ ಒಂದೇ ಒಂದು ಕೇಳಿದ.

"ಪುಟ್ಟೀ, ಈ ಸಲ ಕೊನೇ ಸರದಿ ನನಗೆ ಬಿಡೇ."