ನಿನಗೆ ಮಾತ್ರ ಗೊತ್ತಿರುವ ನಂಬಿಕೆ

ಇವತ್ತು ಗೆಳತಿಯ ಜೊತೆ ಅವಳ ಎಪಿಸ್ಕೋಪಲ್ ಚರ್ಚಿಗೆ ಹೋಗಿದ್ದೆ. ಇಂಗ್ಲೆಂಡಿನ ಚರ್ಚಿನಿಂದ ಬೆಳೆದು ಬಂದ ಆಂಗ್ಲಿಕನ್ ಪರಂಪರೆಯ ಚರ್ಚಿಗೆ ಅಮೆರಿಕದಲ್ಲಿ ಇದೇ ಹೆಸರು.

ಎಲ್ಲರ ಕೈಯಲ್ಲೂ ಒಂದೇ ಪುಸ್ತಕ. ‘ಬುಕ್ ಆಫ್ ಕಾಮನ್ ಪ್ರೇಯರ್’, 1979ರದ್ದು. ಇಂಗ್ಲೆಂಡಿನಲ್ಲಿ ಮೊದಲು ಬಂದಿದ್ದು 1549ರಲ್ಲಿ. ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು, ಎಲ್ಲರೂ ಸೇರಿ ಏನು ಹೇಳಬೇಕು, ಎಲ್ಲ ಅದರಲ್ಲೇ ಇದೆ.

ಯೇಸುವಿನ ಕೊನೆಯ ಊಟದ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸದ ಮುಂದೆ ಹೇಳುವ ಪ್ರಾರ್ಥನೆಗಳು ಹಲವು. ಇವತ್ತು ಪಾದ್ರಿಯಮ್ಮ (ಇಲ್ಲಿ ಹೆಂಗಸರು ಪಾದ್ರಿಯಾಗಲು 1976ರಲ್ಲೇ ಚರ್ಚು ಒಪ್ಪಿದೆ) ಓದಿದ್ದರಲ್ಲಿ ಒಂದು ಸಾಲು ಬಂತು. ದೇವರೇ, ಕ್ರಿಸ್ತನ ಶಾಂತಿಯಲ್ಲಿ ತೀರಿಕೊಂಡವರನ್ನು ನೆನೆದುಕೋ, ಯಾರ ನಂಬಿಕೆ ನಿನಗೆ ಮಾತ್ರ ಗೊತ್ತೋ ಅವರನ್ನೂ ನೆನೆದುಕೋ ಅಂತ.

ನನಗೆ ತಕ್ಷಣ ಅಪ್ಪ ನೆನಪಾದರು.

ದೇವಸ್ಥಾನಕ್ಕೆ ಹೋದರೆ ಅಪ್ಪ ಹೊರಗೇ ಚಪ್ಪಲಿ ಕಾಯುತ್ತಾ ನಿಲ್ಲುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಆದರೆ ದಿನಾ ಬೆಳಗ್ಗೆ ಎದ್ದ ಕೂಡಲೇ ಕಿಟಕಿ ತೆಗೆದು ಸ್ವಲ್ಪ ಹೊತ್ತು ಸುಮ್ನೆ ನಿಂತಿರುತ್ತಿದ್ದರು. ಏನು ಅಂತ ನಾವ್ಯಾರೂ ಕೇಳಲಿಲ್ಲ. ಅವರೂ ಹೇಳಲಿಲ್ಲ.

ನಂಬುತ್ತೀಯಾ ಇಲ್ವಾ ಅಂತ ಕೇಳುವವರೇ ಜಾಸ್ತಿ. ಉತ್ತರ ಹೇಳದೆ ಹೋದವರಿಗೂ ಜಾಗ ಇಟ್ಟಿರುವ ಪ್ರಾರ್ಥನೆ ನಾನು ಕೇಳಿದ್ದು ಇದೇ ಮೊದಲು. ನಾನಿನ್ನೂ ಹುಡುಕುತ್ತಲೇ ಇರುವವಳು. ತುಂಬಾ ಸಮಾಧಾನ ಆಯಿತು.

ನನಗೆ ದೀಕ್ಷಾಸ್ನಾನ (ಕ್ರೈಸ್ತರಾಗುವಾಗ ನೀರಿನಿಂದ ಮಾಡುವ ಸಂಸ್ಕಾರ) ಆಗಿಲ್ಲ, ಹಾಗಾಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲಿಲ್ಲ. ಬರೀ ಆಶೀರ್ವಾದ ಸಾಕು ಅನ್ನುವ ಗುರುತಾಗಿ ಎದೆಯ ಮೇಲೆ ಕೈ ಕಟ್ಟಿಕೊಂಡು ಹೋದೆ, ಆಶೀರ್ವಾದ ಮಾಡಿ ಕಳಿಸಿದರು.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿಗೆ ಹೋಗುವ ಗೆಳೆಯರೇ, ನಿಮ್ಮದೂ ಆಂಗ್ಲಿಕನ್ ಬಳಗವೇ ಅಲ್ವಾ? ನಿಮ್ಮ ಕನ್ನಡ ಆರಾಧನೆಯಲ್ಲಿ ಇಂಥ ಸಾಲು ಇದೆಯಾ? ಇದ್ದರೆ ಕಳಿಸಿ. ಅಮ್ಮನಿಗೆ ಓದಿ ಹೇಳಬೇಕು.