ಚಿನ್ನಿ ಮಲಗಿದ ಜಾಗ ಒದ್ದೆ ಆಗ್ತಿತ್ತು

ಬೆಳಿಗ್ಗೆ ಎದ್ದ ತಕ್ಷಣ ನಮ್ಮ ನಾಯಿ ಚಿನ್ನಿ ಹಾಸಿಗೆ ಮುಟ್ಟಿ ನೋಡೋದು ಈಗ್ಲೂ ನನಗೆ ಅಭ್ಯಾಸ. ಅವಳಿಗೆ 9 ವರ್ಷ, 25 ಕೆಜಿ ತೂಕ, ಮರಿ ಆಗದ ಹಾಗೆ ಆಪರೇಷನ್ ಮಾಡ್ಸಿ ಏಳೆಂಟು ವರ್ಷ ಆಗಿದೆ. ಕಳೆದ ವರ್ಷ ಅವಳು ಮಲಗಿ ಎದ್ದ ಜಾಗದಲ್ಲಿ ಅಂಗೈಯಷ್ಟು ಒದ್ದೆ ಕಾಣ್ಸೋಕೆ ಶುರುವಾಯ್ತು, ಮೊದ್ಲು ನೀರು ಚೆಲ್ಲಿರ್ಬೇಕು ಅನ್ಕೊಂಡೆ, ಆಮೇಲೆ ವಾಸನೆ ಬಂತು. ನಾನು ಮಾಡಿದ ಮೊದಲ ಕೆಲಸ ಅವಳನ್ನ ಬೈದಿದ್ದು. ಎರಡ್ನೇದು ರಾತ್ರಿ ನೀರಿನ ಬಟ್ಟಲು ಎತ್ತಿಟ್ಟಿದ್ದು. ಎರಡೂ ತಪ್ಪು. ಬೈಸ್ಕೊಂಡ ಮೇಲೆ ಅವಳು ಹಾಸಿಗೆ ಬಿಟ್ಟು ಬಚ್ಚಲುಮನೆ ಬಾಗಿಲ ಹತ್ರ ಬರೀ ನೆಲದ ಮೇಲೆ ಮಲಗ್ತಿದ್ಲು, ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಕಿವುಚ್ದಂಗಾಗತ್ತೆ.

ಡಾಕ್ಟರ್ ಹತ್ರ ಹೋದಾಗ ಅವ್ರು ಕೇಳಿದ ಮೊದಲ ಪ್ರಶ್ನೆ, "ಎಚ್ಚರ ಇದ್ದಾಗ ಕೂತು ಮಾಡ್ತಾಳಾ, ಇಲ್ಲಾ ನಿದ್ದೇಲಿ ತಾನಾಗೇ ಸೋರತ್ತಾ?" ನಿದ್ದೇಲಿ ಅಂದೆ. ಹಾಗಾದ್ರೆ ಅವಳಿಗೆ ಉಚ್ಚೆ ಹೋಗಿದ್ದೇ ಗೊತ್ತಾಗಲ್ಲ ಅಂದ್ರು. ಅಂಡಾಶಯ ತೆಗೆದ ಹೆಣ್ಣುನಾಯಿಗಳಲ್ಲಿ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಕಮ್ಮಿ ಆಗತ್ತೆ, ಮೂತ್ರನಾಳವನ್ನ ಬಿಗಿಯಾಗಿ ಮುಚ್ಚಿ ಹಿಡಿಯೋ ಸ್ನಾಯು ಸಡಿಲ ಆಗತ್ತೆ, ಮಲಗಿ ಮೈ ಸಡಿಲ ಬಿಟ್ಟಾಗ ಸೋರತ್ತೆ. ದೊಡ್ಡ ಗಾತ್ರದ ನಾಯಿಗಳಲ್ಲಿ ಇದು ಜಾಸ್ತಿ, ಆಪರೇಷನ್ ಆಗಿ ಎಷ್ಟೋ ವರ್ಷ ಆದ್ಮೇಲೂ ಶುರು ಆಗ್ಬಹುದು.

ಆದ್ರೂ ಅವತ್ತೇ ಮಾತ್ರೆ ಕೊಡ್ಲಿಲ್ಲ, ಅದು ನನಗೆ ಸರಿ ಅನ್ನಿಸ್ತು. ಯೂರಿನ್ ಟೆಸ್ಟ್, ಉಚ್ಚೇಲಿ ಬ್ಯಾಕ್ಟೀರಿಯಾ ಬೆಳೆಯತ್ತಾ ಅಂತ ನೋಡೋ ಕಲ್ಚರ್, ಸಕ್ಕರೆ ಮತ್ತೆ ಕಿಡ್ನಿಗೆ ರಕ್ತಪರೀಕ್ಷೆ, ಬಿಪಿ, ಎಲ್ಲಾ ಮಾಡ್ಸಿದ್ರು, ಯಾಕಂದ್ರೆ ಇನ್ಫೆಕ್ಷನ್, ಕಲ್ಲು, ಡಯಾಬಿಟಿಸ್ ಇದ್ರೂ ಹೀಗೇ ಆಗತ್ತೆ. ದಿನಕ್ಕೆ ಎಷ್ಟು ನೀರು ಕುಡೀತಾಳೆ ಅಂತ ಅಳೆದು ಬರೀರಿ ಅಂದ್ರು. ಕೆಜಿಗೆ 100 ಎಂಎಲ್ ದಾಟಿದ್ರೆ ಜಾಸ್ತಿ ಅಂತ ಲೆಕ್ಕ, ಅಂದ್ರೆ ಚಿನ್ನಿಗೆ ಎರಡೂವರೆ ಲೀಟರ್. ಅವಳು ಒಂದೂಕಾಲು ಲೀಟರ್ ಕುಡೀತಿದ್ಲು ಅಷ್ಟೇ, ಪಾಪ, ಅದನ್ನೂ ನಾನು ಎತ್ತಿಡ್ತಿದ್ದೆ.

ಕೊಟ್ಟ ಔಷಧಿ ಫೀನೈಲ್‌ಪ್ರೊಪನೋಲಮೈನ್, ಪಿಪಿಎ ಅಂತಾರೆ, 50 ಎಂಜಿ, ದಿನಕ್ಕೆ ಎರಡು ಸಲ. ಇದು ಅವಳ ತೂಕಕ್ಕೆ ಹಾಕಿದ ಲೆಕ್ಕ, ನಿಮ್ಮ ನಾಯಿಗೆ ಇದನ್ನೇ ನೋಡಿ ಕೊಡ್ಬೇಡಿ. ಮನೆಗೆ ಬಂದು ಆ ಹೆಸ್ರು ಹುಡುಕಿದ್ರೆ, ಮೊದಲು ಮನುಷ್ಯರ ನೆಗಡಿ ಮಾತ್ರೇಲಿ ಇತ್ತು, ಮಿದುಳಲ್ಲಿ ರಕ್ತಸ್ರಾವ ಆಗೋ ಅಪಾಯ ಇದೆ ಅಂತ 2000ದಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಾಪಸ್ ತಗೊಳ್ಳೋಕೆ ಕಂಪನಿಗಳಿಗೆ ಹೇಳಿತ್ತು ಅಂತ ಗೊತ್ತಾಗಿ ಕೈಕಾಲು ತಣ್ಣಗಾಯ್ತು. ಫೋನ್ ಮಾಡಿ ಕೇಳ್ದೆ. ಆ ಸ್ನಾಯುವನ್ನ ಬಿಗಿ ಮಾಡೋ ಗುಣವೇ ರಕ್ತನಾಳನೂ ಬಿಗಿ ಮಾಡತ್ತೆ, ಅದಕ್ಕೇ ಶುರು ಮಾಡೋ ಮುಂಚೆ ಬಿಪಿ ನೋಡಿದ್ದು, ಮುಂದೇನೂ ನೋಡ್ತಾ ಇರ್ಬೇಕು ಅಂದ್ರು. ಹಾರ್ಟ್ ಅಥ್ವಾ ಕಿಡ್ನಿ ತೊಂದ್ರೆ ಇದ್ರೆ ಮೊದ್ಲೇ ಹೇಳ್ಬೇಕು. ಉಣ್ಣೆಹುಳಕ್ಕೆ ಅಂತ ಅಮಿಟ್ರಾಜ್ ಅನ್ನೋ ಕೀಟನಾಶಕ ಇರೋ ಕಾಲರ್ ಹಾಕಿದ್ರೆ ಅದನ್ನೂ ಹೇಳ್ಬೇಕು, ಎರಡೂ ಒಟ್ಟಿಗೆ ಆಗ್ಬರಲ್ಲ.

ಮೊದಲ ಎರಡು ರಾತ್ರಿ ಚಿನ್ನಿ ನಿದ್ದೇನೇ ಮಾಡ್ಲಿಲ್ಲ, ಮನೆಯೆಲ್ಲಾ ಓಡಾಡ್ತಾ ಇದ್ಲು, ಊಟ ಅರ್ಧ ಬಿಟ್ಲು. ನಾನೇ ಮಾತ್ರೆ ಮುರಿದು ಅರ್ಧ ಕೊಡೋಣ ಅನ್ಕೊಂಡಿದ್ದೆ, ಮನೆಯವ್ರು ಬೇಡ ಡಾಕ್ಟರ್‌ಗೆ ಕೇಳು ಅಂದ್ರು. ಬಿಪಿ ಇನ್ನೊಂದ್ಸಲ ನೋಡಿ, ಸರಿಯಾಗಿದೆ, ಅದೇ ಡೋಸ್ ಮುಂದುವರ್ಸಿ ಅಂದ್ರು. ನಾಲ್ಕನೇ ದಿನ ಹಾಸಿಗೆ ಒಣಗಿತ್ತು. ಓಡಾಟನೂ ತಾನಾಗೇ ಕಮ್ಮಿ ಆಯ್ತು.

ಎಲ್ಲಾ ನಾಯಿಗೂ ಇದು ಆಗ್ಬರಲ್ಲ. ಆಗ ಹೆಣ್ಣುನಾಯಿಗೆ ಎಸ್ಟ್ರಿಯೋಲ್ ಅಂತ ಹಾರ್ಮೋನ್ ಮಾತ್ರೆ ಇದೆ, ಶುರುನಲ್ಲಿ ದಿನಕ್ಕೊಂದು ಕೊಟ್ಟು ಆಮೇಲೆ ಎಷ್ಟು ಕಮ್ಮೀಲಿ ಕೆಲಸ ನಡೆಯತ್ತೋ ಅಷ್ಟಕ್ಕೆ ಇಳಿಸ್ತಾರೆ.

ಒಂದಿನ ಬೆಳಿಗ್ಗೆ ಮಾತ್ರೆ ಕೊಡೋದು ಮರೆತು ಸಂಜೆ ನೆನಪಾಯ್ತು, ಎರಡು ಒಟ್ಟಿಗೆ ಕೊಡೋ ಹಾಗಿಲ್ಲ, ಸಂಜೇದು ಮಾತ್ರ ಕೊಟ್ಟೆ. ಅವತ್ತಿಂದ ಫೋನಲ್ಲಿ ಅಲಾರಂ ಇದೆ. ಡಬ್ಬಿ ಮಾತ್ರ ದಯವಿಟ್ಟು ಕಪಾಟಿನ ಮೇಲಿನ ಹಲಗೇಲಿ ಇಡಿ, ಅಗಿಯೋ ಮಾತ್ರೆ ನಾಯಿಗೆ ರುಚಿ ಅನ್ಸೋ ಹಾಗೆ ಮಾಡಿರ್ತಾರೆ, ಪ್ಲಾಸ್ಟಿಕ್ ಕಚ್ಚಿ ಪೂರ್ತಿ ಡಬ್ಬಿ ಖಾಲಿ ಮಾಡಿದ್ರೆ ಜೀವಕ್ಕೇ ಅಪಾಯ.

ಸೋರೋದು ನಾಲ್ಕು ದಿನಕ್ಕೆ ನಿಂತ್ರೂ ಚಿನ್ನಿ ಬಚ್ಚಲುಮನೆ ಬಾಗಿಲು ಬಿಟ್ಟು ಬರೋಕೆ ಒಂದು ತಿಂಗಳ ಮೇಲೆ ಆಯ್ತು. ದಿನಾ ರಾತ್ರಿ ನಾನೇ ಅವಳ ಹಾಸಿಗೆ ಪಕ್ಕ ಕೂತ್ಕೊಂಡು ಕರೀತಿದ್ದೆ, ಬಂದು ಮೂಸಿ ವಾಪಸ್ ಹೋಗ್ತಿದ್ಲು. ಈಗ ಅಲ್ಲೇ ಮಲಗ್ತಾಳೆ, ನೀರಿನ ಬಟ್ಟಲು ರಾತ್ರಿಯಿಡೀ ಪಕ್ಕದಲ್ಲೇ ಇರತ್ತೆ.